ಒಣಗಿದ ದೋಣಿ

“ಇದು ಸಾಕ್ಷಿ ವಸ್ತು ಕಣ್ರೀ ಜಮಾದಾರ್ರೇ! ಸಾಕ್ಷಿ ವಸ್ತುನ ಯಾರಾದ್ರೂ ನೀರಲ್ಲಿ ನೆನೆಹಾಕ್ತಾರಾ? ಇದೇನು ಕಡ್ಲೆಕಾಳಾ?”

ವಕೀಲ ರಂಗಣ್ಣ ಪಂಚೆ ಎತ್ತಿ ಕಟ್ಟಿಕೊಂಡು ಮೊಣಕಾಲುದ್ದ ಹೊಳೆಯಲ್ಲಿ ನಿಂತು ಕೂಗಾಡುತ್ತಿದ್ದರು. ಅವರ ಮುಂದೆ ಒಂದು ಕರಿ ದೋಣಿ ನೀರೊಳಗೆ ಮುಳುಗಿ ಅಂಚನ್ನು ಮಾತ್ರ ತೋರಿಸುತ್ತಿತ್ತು. ತೇಲಿ ಮೇಲೇಳದಂತೆ ಅದರ ಹೊಟ್ಟೆಗೆ ಕಲ್ಲು ಹೇರಿದ್ದರು.

ಜಮಾದಾರ್ ನಾಗೇಂದ್ರಪ್ಪನವರು ನೀರಿನಿಂದ ಒಂದು ಮಾರು ಹಿಂದೆ, ಬೂಟು ಒದ್ದೆಯಾಗದ ಜಾಗ ನೋಡಿಕೊಂಡು ನಿಂತಿದ್ದರು. ಅವರು ಜಗಳೂರು ತಾಲ್ಲೂಕಿನ ಸೊಕ್ಕೆಯವರು. ಆ ಕಡೆ ನೀರು ಎಂದರೆ ಕೊಡದೊಳಗೆ ಇರುವಂಥದ್ದು. ಈ ಸೀಮೆಗೆ ವರ್ಗವಾಗಿ ಬಂದ ಮೇಲೂ ಅವರು ತುಂಗಭದ್ರೆಯ ಜೊತೆ ಸಲಿಗೆ ಬೆಳೆಸಿರಲಿಲ್ಲ.

“ಹೌದ್ರೀ, ನಾನೇ ನೆನೆಹಾಕಿಸಿದ್ದು,” ಎಂದರು ಜಮಾದಾರರು. “ಈಗ ತೆಗೆಸ್ತೀನಿ. ಸ್ವಲ್ಪ ಪಕ್ಕಕ್ಕೆ ಬರ್ರಿ.”

ಹಿಂದಿನ ದಿನ ಬೆಳಿಗ್ಗೆ ಇದೇ ದೋಣಿ ಹೊನ್ನಾಳಿಯ ಕೆಳಗಿನ ಬಂಡೆಗೆ ಸಿಕ್ಕಿ ನಿಂತಿತ್ತು. ಒಳಗೆ ನ್ಯಾಮತಿಯ ಅಕ್ಕಿ ಗಿರಣಿಯ ಅಂಜಿನಪ್ಪನವರ ಶಾಲು ಇತ್ತು, ಅಂಜಿನಪ್ಪನವರು ಇರಲಿಲ್ಲ.

ಇಷ್ಟಕ್ಕೆಲ್ಲ ಮೂಲ ರಂಗಣ್ಣನವರ ಹುಚ್ಚು. ಲೋಕವೆಲ್ಲ ಯುದ್ಧ, ಕೈಯಲ್ಲಿ ಅಕ್ಕಿ ಕಾರ್ಡು, ಅಂಗಡಿಯಲ್ಲಿ ಸೀಮೆಎಣ್ಣೆ ಇಲ್ಲ. ಇಂಥ ಹೊತ್ತಿನಲ್ಲಿ ಚನ್ನಗಿರಿಯ ಈ ವಕೀಲರಿಗೆ ಗೆಳೆಯರನ್ನು ಕಟ್ಟಿಕೊಂಡು ಕೂಡ್ಲಿಯಿಂದ ಹರಿಹರದವರೆಗೆ ಹೊಳೆಯ ಮೇಲೆ ತೇಲಿಕೊಂಡು ಹೋಗಬೇಕು, ಸಂಜೆಯಾದರೆ ಮರಳ ದಿಣ್ಣೆಯ ಮೇಲೆ ಗುಡಾರ ಹೊಡೆಯಬೇಕು ಎಂಬ ಆಸೆ ಹುಟ್ಟಿತು. ಅದೂ ಊರಿನವರೆಲ್ಲ ದಾಟುವ ಹರಿಗೋಲಿನಲ್ಲಿ ಅಲ್ಲ. ಹರಿಗೋಲು ಗಿರ್ರನೆ ತಿರುಗುತ್ತದೆ, ತಲೆ ಸುತ್ತುತ್ತದೆ, ಮರದ ದೋಣಿಯೇ ಬೇಕು ಎಂದು ಹಟ ಹಿಡಿದು ಹೊನ್ನಾಳಿಯ ಬಡಗಿ ಲಾಲ್‌ಸಾಬನಿಂದ ಮೂರು ದೋಣಿ ಮಾಡಿಸಿದರು, ದೋಣಿ ನೋಡಿಕೊಳ್ಳಲು ಅವನನ್ನೂ ಜೊತೆಗೆ ಕರೆದುಕೊಂಡರು. ಗಿರಣಿಯ ಅಂಜಿನಪ್ಪನವರೂ ಆ ಗುಂಪಿನಲ್ಲಿ ಒಬ್ಬರು. ಈಗ ಉಳಿದ ಗೆಳೆಯರೆಲ್ಲ ಹೇಳಿಕೆ ಕೊಟ್ಟು, ಉಗುಳು ನುಂಗಿಕೊಂಡು ಮನೆ ಸೇರಿದ್ದರು. ರಂಗಣ್ಣ ಮಾತ್ರ ಮುಖಂಡತ್ವ ಬಿಡಲಾರದೆ ಇಲ್ಲೇ ಉಳಿದಿದ್ದರು.

ಹೊಂಗೆಮರದ ನೆರಳಿನಲ್ಲಿ ಲಾಲ್‌ಸಾಬ್ ಮಂಡಿ ಅಪ್ಪಿಕೊಂಡು ಕೂತಿದ್ದ. ಅವನ ಕೈಗೆ ಹಾಕಬೇಕಾದ ಬೇಡಿ ಪೇದೆಯ ಚೀಲದಲ್ಲೇ ಇತ್ತು. ಜಮಾದಾರರು ಹಾಕಬೇಡ ಎಂದಿದ್ದರು.

ಹಾಗೆಂದು ಅವನೇನೂ ಬಿಡುಗಡೆಯಾದವನಲ್ಲ. ಹಿಂದಿನ ದಿನ ಮಧ್ಯಾಹ್ನವೇ ಇನ್ಸ್‌ಪೆಕ್ಟರ್ ಸಾಹೇಬರು ಬಂದು, ದೋಣಿಯ ಮೂತಿಯ ಕಡೆ ಎರಡು ಹಲಗೆಗಳ ನಡುವೆ ಬಿಟ್ಟಿದ್ದ ಸಂದಿಗೆ ಬೆತ್ತ ತೋರಿಸಿ, ಕೇಸು ಮುಗಿಸಿಬಿಟ್ಟಿದ್ದರು. ಬಡಗಿಯ ಕೆಲಸ ಕೆಟ್ಟದ್ದು, ನೀರು ನುಗ್ಗಿತು, ಮುಂಜಾನೆ ಒಬ್ಬರೇ ವಿಹಾರಕ್ಕೆ ಹೋದ ಅಂಜಿನಪ್ಪ ಮುಳುಗಿದರು. “ನಾಳೆ ಮಧ್ಯಾಹ್ನ ಕಾರು ತರ್ತೀನಿ, ಇವನನ್ನು ಕರೆದುಕೊಂಡು ಹೋಗ್ತೀನಿ. ದೋಣಿ ಇದ್ದ ಹಾಗೇ ಬಿಸಿಲಲ್ಲಿ ಇರಲಿ,” ಎಂದು ಹೇಳಿ ಹೋಗಿದ್ದರು.

ಆ ಮಧ್ಯಾಹ್ನ ಇವತ್ತೇ. ಅಷ್ಟರೊಳಗೆ ಜಮಾದಾರರು ಬೇರೇನಾದರೂ ತೋರಿಸದಿದ್ದರೆ ಲಾಲ್‌ಸಾಬ್ ಮನುಷ್ಯನನ್ನು ಕೊಂದ ಬಡಗಿಯಾಗಿ ಜೈಲಿಗೆ ಹೋಗುವವನು. ಹೊಂಗೆಮರದ ಇನ್ನೊಂದು ಪಕ್ಕ ಅವನ ಹೆಂಡತಿ ಚಮನಬಿ ಬುತ್ತಿ ಗಂಟು ಹಿಡಿದು ಬೆಳಗಿನಿಂದ ಕೂತಿದ್ದಳು. ಗಂಟನ್ನು ಇನ್ನೂ ಬಿಚ್ಚಿರಲಿಲ್ಲ.

ಪೇದೆಗಳು ಕಲ್ಲು ಎತ್ತಿಹಾಕಿ, ನೀರು ಮೊಗೆದು ಚೆಲ್ಲಿ, ದೋಣಿಯನ್ನು ದಂಡೆಗೆ ಎಳೆದು ತಂದರು. ಜಮಾದಾರರು ಜೇಬಿನಿಂದ ಒಂದು ಪೊರಕೆಕಡ್ಡಿ ತೆಗೆದರು.

“ವಕೀಲ್ರೇ, ನಿನ್ನೆ ಈ ಕಡ್ಡಿ ಈ ಸಂದಿಯೊಳಗೆ ಹೋಗಿ ಆಚೆ ಬಂದಿತ್ತೋ ಇಲ್ಲೋ?”

“ಬಂದಿತ್ತು. ನಾನೇ ನೋಡಿದ್ದೀನಲ್ಲ.”

“ಈಗ ನೀವೇ ತೂರಿಸ್ರಿ.”

ರಂಗಣ್ಣ ಬಾಗಿ ತೂರಿಸಲು ನೋಡಿದರು. ಕಡ್ಡಿ ಬಗ್ಗಿತು. ಇನ್ನೊಂದು ಕಡೆಯಿಂದ ನೋಡಿದರು. ಕಡ್ಡಿ ಮುರಿಯಿತು. ಅವರು ಕನ್ನಡಕ ಏರಿಸಿಕೊಂಡು ಉಗುರಿನಿಂದ ಸಂದಿಯನ್ನು ಕೆರೆದರು. ಕೆರೆಯುವುದಕ್ಕೆ ಸಂದಿಯೇ ಇರಲಿಲ್ಲ.

“ಇದೇನ್ರೀ ಮಾಯ!”

“ಮಾಯ ಎಂಥದು? ನಮ್ಮ ಸೊಕ್ಕೆ ಕಡೆ ಬ್ಯಾಸಿಗೇಲಿ ಗಾಡಿ ಚಕ್ರ ಒಣಗಿ, ಕಬ್ಬಿಣದ ಪಟ್ಟಿ ಲೊಡಲೊಡ ಅಂತೈತೆ. ಚಕ್ರ ಬಿಚ್ಚಿ ಹೊಂಡಕ್ಕೆ ಹಾಕ್ತೀವಿ. ಮರ ನೀರು ಕುಡಿದು ಉಬ್ಬಿ ಪಟ್ಟಿನ ಗಟ್ಟಿ ಹಿಡ್ಕೊಂಡು ಬಿಡ್ತೈತೆ. ದೋಣಿ ಮಾಡಾಕೂ ಮರಾನೇ ಬೇಕಲ್ರೀ?”

“ಅಂದ್ರೆ ಜೋಡಣೆ ಸರಿಯಾಗೇ ಐತೆ?”

“ಕೆಟ್ಟ ಜೋಡಣೆ ನೀರಲ್ಲಿಟ್ರೆ ಇನ್ನೂ ಕೆಡ್ತಿತ್ತು. ಇದು ಕೂಡ್ಕೊಂಡೈತೆ. ಇದು ಬರೇ ಒಣಗಿತ್ತು ಅಷ್ಟೆ.”

ಚಮನಬಿ ಎದ್ದು ನಿಂತಳು. “ಕೇಳಿದ್ರಾ?” ಎಂದು ಗಂಡನ ಕಡೆ ತಿರುಗಿದಳು. ಲಾಲ್‌ಸಾಬ್ ತಲೆ ಎತ್ತಲಿಲ್ಲ.

ಜಮಾದಾರರ ಕಣ್ಣು ಅವನ ಮೇಲೆಯೇ ಇತ್ತು. ಈ ಲಾಲ್‌ಸಾಬ್ ಎಂಥವನು ಎಂಬುದು ಹೊನ್ನಾಳಿಗೆಲ್ಲ ಗೊತ್ತು. ಅವನು ಮಾಡಿದ ಗುದ್ದಲಿ ಕಾವು ಸಡಿಲ ಎಂದವರ ಜೊತೆ ಅವನು ಬೀದಿಯಲ್ಲಿ ನಿಂತು ಜಗಳ ಆಡಿದ್ದಾನೆ. ದೋಣಿಯ ಮೂತಿಗೆ ಹಂಸದ ತಲೆ ಕೆತ್ತು ಎಂದ ರಂಗಣ್ಣನವರಿಗೆ, ಹಂಸ ಬೇಕಾದ್ರೆ ಹಂಸಾನೇ ಹತ್ಕೊಂಡು ಹೋಗ್ರಿ ಎಂದು ಮುಖಕ್ಕೆ ಹೇಳಿ ಕಳಿಸಿದವನು. ಅಂಥವನ ಕೆಲಸವನ್ನು ಇನ್ಸ್‌ಪೆಕ್ಟರು ಕೆಟ್ಟದ್ದು ಎಂದು ಬೆತ್ತದಲ್ಲಿ ಕುಟ್ಟಿದಾಗ ಅವನು ತುಟಿ ಪಿಟಕ್ ಎನ್ನಲಿಲ್ಲ. ಆಗಲೇ ಜಮಾದಾರರಿಗೆ ಅನುಮಾನ ಬಂದದ್ದು. ತನ್ನ ಕೆಲಸವನ್ನು ಬಿಟ್ಟುಕೊಡುವ ಬಡಗಿ ಅದಕ್ಕಿಂತ ದೊಡ್ಡದೇನನ್ನೋ ಬಚ್ಚಿಡುತ್ತಿದ್ದಾನೆ ಎಂದುಕೊಂಡಿದ್ದರು.

“ಇನ್ನೊಂದು ನೋಡ್ರಿ ವಕೀಲ್ರೇ,” ಎಂದು ಅವರು ಮರಳಿನ ಮೇಲೆ ನಡೆದರು.

ಅಲ್ಲಿ ವಿಹಾರದ ಇನ್ನೊಂದು ದೋಣಿಯನ್ನು ಬಿಸಿಲಿಗೆ ಬೋರಲು ಹಾಕಿದ್ದರು. ನಿನ್ನೆ ಇನ್ಸ್‌ಪೆಕ್ಟರು ಬೆನ್ನು ತಿರುಗಿಸಿದ ಕೂಡಲೇ ಜಮಾದಾರರು ಎರಡು ಕೆಲಸ ಮಾಡಿಸಿದ್ದರು: ಒಣಗಿದ್ದನ್ನು ನೀರಿಗೆ ಇಳಿಸಿ, ನೀರಲ್ಲಿದ್ದ ಇದನ್ನು ಒಣಗಲು ಹಾಕಿಸಿದ್ದರು. ನಿನ್ನೆಯ ಅರ್ಧ ದಿನದ ಬಿಸಿಲು, ಇವತ್ತಿನ ಬೆಳಗಿನ ಬಿಸಿಲು ಎರಡನ್ನೂ ಅದು ಕುಡಿದಿತ್ತು.

“ಸಂದಿ ಹುಡುಕ್ರಿ.”

ರಂಗಣ್ಣ ಮರಳಿನಲ್ಲಿ ಮಂಡಿಯೂರಿ ದೋಣಿಯ ಸುತ್ತ ತೆವಳಿದರು. ಕೋರ್ಟಿನಲ್ಲಿ ಕಂಡವರು ಯಾರಾದರೂ ಈಗ ಕಂಡಿದ್ದರೆ ಅವರಿಗೆ ವಕಾಲತ್ತು ಕೊಡುತ್ತಿರಲಿಲ್ಲ.

“ಕೂದಲೂ ಹೋಗಲ್ಲ.”

“ಹೋಗಲ್ಲ. ಯಾಕೆ? ಕೂಡ್ಲಿಯಿಂದ ಹೊರಟಾಗಿನಿಂದ ಇದು ಹಗಲೆಲ್ಲ ನೀರ ಮೇಲೆ. ಸಂಜೆ ಆದ್ರೆ ಲಾಲ್‌ಸಾಬ್ ಏನ್ ಮಾಡ್ತಿದ್ದ?”

“ಮುಳುಗಿಸ್ತಿದ್ದ. ಮೂರನ್ನೂ ದಂಡೆ ಹತ್ರ ಕಲ್ಲು ಹೇರಿ ಮುಳುಗಿಸ್ತಿದ್ದ. ನಾವೆಲ್ಲ ದೋಣಿಗಳ ಸ್ನಾನ ಅಂತ ನಗ್ತಿದ್ವಿ. ಅಂಜಿನಪ್ಪ ಅಂತೂ ಸೋಪು ಕೊಡ್ಲಾ ಅಂತ ಕೇಳ್ತಿದ್ದ.” ಗೆಳೆಯನ ಹೆಸರು ಬಾಯಿಗೆ ಬಂದದ್ದೇ ರಂಗಣ್ಣನವರ ದನಿ ಕುಗ್ಗಿತು. ಕೂಗಾಟದ ಮನುಷ್ಯನಾದರೂ ಅವರಿಗೆ ನಿಜವಾದ ದುಃಖವಿತ್ತು.

“ಹಂಗಾದ್ರೆ ಹೇಳ್ರಿ. ದಿನಾ ನೀರು ಕುಡಿದ ದೋಣಿ ಅರ್ಧ ಹಗಲು ಒಂದು ಬೆಳಿಗ್ಗೆ ಒಣಗಿದ್ರೂ ಕೂದಲಷ್ಟು ಸಂದಿ ಬಿಟ್ಟಿಲ್ಲ. ಬಂಡೆಗೆ ಸಿಕ್ಕಿದ ಈ ದೋಣಿ ಬೆಳಗಾಗೋದ್ರೊಳಗೆ ಕಡ್ಡಿ ತೂರೋವಷ್ಟು ಬಿಟ್ಟಿತ್ತು. ಎರಡೂ ಒಂದೇ ಗುಂಪಿನವಾ?”

ರಂಗಣ್ಣ ಮರಳಿನಲ್ಲೇ ಕೂತುಬಿಟ್ಟರು. ವಕೀಲರಾದ್ದರಿಂದ ನಿಧಾನವಾದರೂ ಸರಿಯಾಗಿ ಅರ್ಥವಾಯಿತು.

“ಬಂಡೆಗೆ ಸಿಕ್ಕಿದ್ದು ನಮ್ಮ ದೋಣಿಯೇ ಅಲ್ಲ!”

“ಅಲ್ಲ. ತಿಂಗಳುಗಟ್ಲೆ ಎಲ್ಲೋ ಒಣಗಿಕೊಂಡು ಬಿದ್ದಿದ್ದನ್ನ ಎಳ್ಕೊಂಡು ಬಂದು, ಒಳಗೆ ಶಾಲು ಹಾಕಿ, ಬಂಡೆ ಮೇಲಕ್ಕೆ ಬಿಟ್ಟವ್ರೆ. ನಿಮ್ಮ ಮೂರನೇ ದೋಣಿ ಬೇರೆ ಎಲ್ಲೋ ಐತೆ. ಅಂಜಿನಪ್ಪೋರು ಇದ್ರೂ ಸತ್ರೂ ಅದ್ರ ಜೊತೆಗೇ ಇರ್ತಾರೆ.”

“ಮಾಡಿದ್ದು ಯಾರು?”

“ಅದು ಗೊತ್ತಿಲ್ಲ. ಆದ್ರೆ ನಿಮ್ಮ ಗುಂಪಿನವರಲ್ಲ. ಸಂಜೆ ಸಂಜೆ ದೋಣಿ ಸ್ನಾನ ನೋಡಿ ನಕ್ಕೋರು ಯಾರೂ ಒಣಗಿದ ದೋಣಿ ತಂದು ಬಿಡ್ತಿರಲಿಲ್ಲ. ದೋಣಿ ಅಂದ್ರೆ ದೋಣಿ, ಎಲ್ಲಾ ಒಂದೇ ಅಂದ್ಕೊಂಡೋರು ಯಾರೋ ಮಾಡವ್ರೆ.”

ಜಮಾದಾರರು ಇಷ್ಟು ಉದ್ದ ಮಾತಾಡಿದ್ದೇ ಅಪರೂಪ. ಅವರಿಗೆ ಒಳಗೊಳಗೆ ಸಂತೋಷವೂ ಆಗಿತ್ತು. ಹೊಳೆಯ ಕೇಸನ್ನು ಗಾಡಿ ಚಕ್ರದಿಂದ ಬಿಡಿಸಿದೆನಲ್ಲ ಎಂದು ಸ್ವಲ್ಪ ಮೀಸೆ ತೀಡಿಕೊಂಡರು. ಆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ ಎಂಬುದನ್ನು ಈಗಲೇ ಹೇಳಿಬಿಡುವುದು ಮೇಲು.

ಅವರು ಹೊಂಗೆಮರದ ಕೆಳಗೆ ಬಂದು ಲಾಲ್‌ಸಾಬನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತರು.

“ಲಾಲ್‌ಸಾಬ್, ಎಷ್ಟು ದೋಣಿ ಮಾಡಿದ್ರಿ?”

“ಮೂರು.”

“ಇದನ್ನ ಮಾಡಿದ್ದು ಯಾರು?”

“ಗೊತ್ತಿಲ್ಲ.”

“ನಿಮ್ಮ ಕೈಕೆಲ್ಸ ನಿಮಗೆ ಗೊತ್ತಾಗಲ್ವಾ? ಮೂತಿ ಬಾಗು ಒಂದೇ, ಮೊಳೆ ಹೊಡೆದ ವರಸೆ ಒಂದೇ, ಒಳಗೆ ಬಳಿದ ರಾಳ ಒಂದೇ.”

“ನೋಡಿ ಕಲ್ತೋರು ಯಾರಾದ್ರೂ ಮಾಡಿರಬೌದು.”

“ನಿಮ್ಮಷ್ಟು ಚಲೋ ಮಾಡೋರು ಈ ದಂಡೇಲಿ ಇನ್ನೊಬ್ರು ಅವ್ರೆ ಅಂತೀರಾ?”

ಬೇರೆ ದಿನವಾಗಿದ್ದರೆ ಆ ಮಾತಿಗೆ ಲಾಲ್‌ಸಾಬ್ ಎದ್ದು ನಿಂತು ಉತ್ತರ ಕೊಡುತ್ತಿದ್ದ. ಈಗ ಕಣ್ಣು ಮುಚ್ಚಿ, “ಅವ್ರೆ ಸಾಹೇಬ್ರೆ,” ಎಂದ.

ಚಮನಬಿಗೆ ತಡೆಯಲಾಗಲಿಲ್ಲ. ಬುತ್ತಿ ಗಂಟನ್ನು ಮರಳಿನ ಮೇಲೆ ಕುಕ್ಕಿದಳು.

“ಯಾಕ್ರೀ ಸುಳ್ಳು ಹೇಳ್ತೀರಾ? ಜಮಾದಾರ್ ಸಾಹೇಬ್ರೆ, ನಾಕು ಮಾಡವ್ರೆ ಇವ್ರು. ನಾಕು! ರಾಳ ಕಾಸಿದ್ದು ನಾನು, ಸಂದಿಗೆ ತುಂಬೋ ಹತ್ತಿ ಬತ್ತಿ ಹೊಸೆದಿದ್ದು ನಾನು. ನನ್ನ ಅಂಗೈ ನೋಡ್ರಿ, ಇನ್ನೂ ಸುಟ್ಟ ಕಲೆ ಐತೆ. ಮೊದ್ಲು ಒಂದು ಮಾಡಿದ್ರು. ಆಮೇಲೆ ವಕೀಲ್ ಸಾಹೇಬ್ರ ಮೂರು.”

“ಚಮನಾ!” ಎಂದ ಲಾಲ್‌ಸಾಬ್.

“ಏನ್ ಚಮನಾ? ನಿಮ್ಮ ಕೆಲ್ಸ ಚಲೋ ಐತೆ ಅಂತ ಸಾಹೇಬ್ರೇ ತೋರಿಸವ್ರೆ. ಇನ್ನೇನು ಬೇಕು ನಿಮ್ಗೆ? ಜೈಲೇ ಬೇಕಾ?”

“ಮೊದ್ಲು ಮಾಡಿದ್ದು ಯಾರಿಗಮ್ಮಾ?” ಎಂದು ಜಮಾದಾರರು ಮೆಲ್ಲಗೆ ಕೇಳಿದರು.

“ಯಾರ್ಗೋ ಮಾರ್ತೀನಿ ಅಂದ್ರು. ಮಾರಿದ್ರೋ ಬಿಟ್ರೋ, ನಾನ್ ಕೇಳಲಿಲ್ಲ.”

ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಅವಳು ನಾಕು ಎಂಬ ಮಾತನ್ನೇ ಎತ್ತುತ್ತಿರಲಿಲ್ಲ. ಜಮಾದಾರರು ಲಾಲ್‌ಸಾಬನ ಮುಖ ನೋಡಿದರು. ಅವನು ಜಮಾದಾರರನ್ನೂ ನೋಡುತ್ತಿರಲಿಲ್ಲ, ಹೆಂಡತಿಯನ್ನೂ ನೋಡುತ್ತಿರಲಿಲ್ಲ. ಅವನ ನೋಟ ದಂಡೆಯಲ್ಲೇ ಉಳಿದಿದ್ದ ವಿಹಾರದ ಗುಡಾರದ ಪಕ್ಕದ ಮೂರು ಕಲ್ಲಿನ ಒಲೆಯ ಕಡೆ ಹೋಗಿ, ಸುಟ್ಟುಕೊಂಡಂತೆ ಹಿಂದಕ್ಕೆ ಬಂತು.

ಒಲೆಯ ಮುಂದೆ ಅವನ ತಮ್ಮ ಖಲಂದರ್ ಇದ್ದ. ವಿಹಾರದ ಅಡುಗೆಯವನು. ಮದುವೆಯಾಗಿ ಸಣ್ಣ ಮಕ್ಕಳಿರುವ ಮನುಷ್ಯ. ಬೆಳಗಿನಿಂದ ಅವನು ಎಲ್ಲರಿಗೂ ಚಹಾ ಕಾಸಿ ಕೊಟ್ಟಿದ್ದ, ಯಾರ ಜೊತೆಗೂ ಮಾತಾಡಿರಲಿಲ್ಲ. ಈಗ ಅವನ ಕೈಯಲ್ಲಿ ಪುಳ್ಳೆ ಇತ್ತು, ಒಲೆ ಆರಿ ಬಹಳ ಹೊತ್ತಾಗಿತ್ತು.

“ಸಾಹೇಬ್ರೆ,” ಎಂದ ಲಾಲ್‌ಸಾಬ್, ಜಮಾದಾರರಿಗೆ ಮಾತ್ರ ಕೇಳುವಷ್ಟು ಸಣ್ಣಗೆ. “ನೀವ್ ಯಾಕೆ ಆ ದೋಣಿ ನೀರಿಗೆ ಹಾಕಿಸಿದ್ರಿ? ಕೆಟ್ಟ ಬಡಗಿ ಅಂತ ಸ್ವಲ್ಪ ದಿನ ಒಳಗಿದ್ದು ಬರ್ತಿದ್ದೆ. ನನ್ನ ಪಾಡಿಗೆ ನಾನು ಹೋಗ್ತಿದ್ದೆ.”

ಜಮಾದಾರರು ಎದ್ದು ಒಲೆಯ ಕಡೆ ನಡೆದರು.

ಖಲಂದರ್ ಅವರು ಬರುವುದನ್ನೇ ಕಾಯುತ್ತಿದ್ದವನಂತೆ ಎದ್ದು ನಿಂತ. “ದೋಣಿ ನಂದು ಸಾಹೇಬ್ರೆ. ಭಾಯ್‌ದು ಏನೂ ತಪ್ಪಿಲ್ಲ. ಬೇಡ ಬೇಡ ಅಂದ್ರು, ನಾನೇ ಕಾಲು ಹಿಡಿದು ಮಾಡಿಸ್ಕೊಂಡೆ.”

“ಯಾತಕ್ಕೆ?”

“ಅಕ್ಕಿ ದಾಟಿಸಾಕೆ.”

ಹೊನ್ನಾಳಿಯಿಂದ ಕೆಳಗೆ ಹೊಳೆಯ ಆಚೆ ದಂಡೆ ಬೊಂಬಾಯಿ ಸರ್ಕಾರದ್ದು. ಈಚೆಯ ಅಕ್ಕಿ ಆಚೆ ಹೋದರೆ ಬೆಲೆ ಏರುತ್ತದೆ; ಪರವಾನಗಿ ಇಲ್ಲದೆ ಒಯ್ದವನು ಸಿಕ್ಕಿಬಿದ್ದರೆ ಯುದ್ಧಕಾಲದ ಕಾನೂನಿನಲ್ಲಿ ಮೂಳೆಯೂ ಉಳಿಯುವುದಿಲ್ಲ. ಅಣ್ಣ ಯಾಕೆ ಸುಮ್ಮನೆ ಕೂತಿದ್ದ ಎಂಬುದು ಜಮಾದಾರರಿಗೆ ತಿಳಿಯಿತು.

“ಯಾರ ಅಕ್ಕಿ?”

“ಅಂಜಿನಪ್ಪೋರ ಗಿರಣೀದು.”

“ದೋಣಿನ ನೀನೇ ತಂದು ಬಂಡೆ ಮೇಲೆ ಬಿಟ್ಯಾ?”

“ಅಲ್ಲಾನ ಆಣೆ, ಇಲ್ಲ! ಅದು ನನ್ನ ಕೈಲಿ ಇಲ್ಲ ಸಾಹೇಬ್ರೆ. ಸಂಕ್ರಾಂತಿ ಆದ್ಮೇಲೆ ಒಂದಿನ ಅಕ್ಕಿ ಸಮೇತ ಸಿಕ್ಕಿಹಾಕ್ಕೊಂಡೆ. ಹಿಡಿದೋರು ಕೇಸು ಹಾಕಲಿಲ್ಲ. ಪಂಚನಾಮೆನೂ ಮಾಡಲಿಲ್ಲ. ದೋಣಿ ಮಾತ್ರ ಎಳೆಸ್ಕೊಂಡು ಹೋಗಿ ಯಾವ್ದೋ ಚಪ್ಪರದ ಕೆಳಗೆ ಹಾಕಿಸಿದ್ರು. ಬಾಯಿ ಬಿಟ್ರೆ ನಿನ್ನ ಮಕ್ಕಳು ಅನಾಥ ಆಗ್ತಾವೆ ಅಂದ್ರು. ಭಾಯ್‌ಗೂ ಹೇಳಿಲ್ಲ ನಾನು.”

“ಅದಾದ ಮೇಲೆ ಅಕ್ಕಿ ದಾಟಿಸೋದು ನಿಲ್ತಾ?”

“ನನ್ನದು ನಿಲ್ತು. ಅಂಜಿನಪ್ಪೋರದು ನಿಲ್ಲಲಿಲ್ಲ. ನನ್ನ ಹಿಡಿದ ಸಾಹೇಬ್ರ ಜೊತೆಗೇ ನೇರ ಮಾತಾಡ್ಕೊಂಡ್ರು. ಆಮೇಲೆ ಏನೋ ಕೆಟ್ಟಿತ್ತು. ಈ ಸಲ ವಿಹಾರಕ್ಕೆ ಬಂದಾಗ ಅವ್ರ ಮುಖ ನೋಡಿದ್ದೆ, ಊಟಾನೇ ಸರಿ ಮಾಡ್ತಿರಲಿಲ್ಲ.”

“ಯಾವ ಸಾಹೇಬ್ರು?”

ಖಲಂದರನ ಕಣ್ಣು ಜಮಾದಾರರ ಹೆಗಲಿನಾಚೆ ಹೋಯಿತು. ದಂಡೆಯ ಮೇಲಿನ ರಸ್ತೆಯಿಂದ ಕೆಮ್ಮುವ ಸದ್ದು ಕೇಳುತ್ತಿತ್ತು. ಪೆಟ್ರೋಲು ಸಿಗದೆ, ಬೆನ್ನಿಗೆ ಇದ್ದಿಲ ಒಲೆಯ ಡಬ್ಬಿ ಕಟ್ಟಿಕೊಂಡು ಹೊಗೆ ಕಾರುತ್ತ ಓಡುವ ಕಾರು ಅದು. ಆ ಸದ್ದಿನ ಕಾರು ಈ ಕಡೆ ಒಂದೇ ಇತ್ತು.

“ಬಂದ್ರಲ್ಲ ಸಾಹೇಬ್ರೆ,” ಎಂದ ಖಲಂದರ್. “ಅವ್ರೇ.”

ಜಮಾದಾರರಿಗೆ ಮೊದಲು ಅದು ಅರ್ಥವೇ ಆಗಲಿಲ್ಲ. ಆಮೇಲೆ ಅರ್ಥವಾಗಬಾರದಾಗಿತ್ತು ಅನ್ನಿಸಿತು. ಅವರು ಭಯಪಟ್ಟರು. ಪೊಲೀಸು ಕೆಲಸದಲ್ಲಿ ಅವರು ಕಳ್ಳರಿಗೆ ಹೆದರಿದವರಲ್ಲ. ತಮ್ಮ ಮೇಲಿನವರಿಗೆ ಹೀಗೆ ಹೆದರಬೇಕಾಗುತ್ತದೆ ಎಂದು ಅವರು ಎಣಿಸಿರಲಿಲ್ಲ.

“ಈ ಮಾತು ಇನ್ಯಾರಿಗೂ ಹೇಳಬ್ಯಾಡ. ಒಲೆ ಹಚ್ಚು. ಚಾ ಕಾಸ್ತಾ ಇರು,” ಎಂದು ಹೇಳಿ ತಿರುಗಿದರು.

ತಿರುಗಿದಾಗ ರಂಗಣ್ಣ ಜಾಗದಲ್ಲಿ ಇರಲಿಲ್ಲ. ಪಂಚೆಯನ್ನು ಕೈಯಲ್ಲಿ ಹಿಡಿದು ಅವರು ಆಗಲೇ ಅರ್ಧ ದಂಡೆ ಹತ್ತಿದ್ದರು.

“ವಕೀಲ್ರೇ! ನಿಂತ್ಕೊಳ್ರಿ! ವಕೀಲ್ರೇ!”

ಕೇಳಿಸಲಿಲ್ಲ. ಹೊಸದಾಗಿ ಕಲಿತದ್ದನ್ನು ಯಾರಿಗಾದರೂ ಹೇಳುವ ತನಕ ರಂಗಣ್ಣನವರಿಗೆ ಬೇರೆ ಏನೂ ಕೇಳಿಸುವುದಿಲ್ಲ. ಕಾರು ನಿಂತಿತು. ಇನ್ಸ್‌ಪೆಕ್ಟರು ಇಳಿದರು. ರಂಗಣ್ಣ ಅವರ ಮುಂದೆ ಕೈ ಬೀಸಿ ಬೀಸಿ ದೋಣಿ ತೋರಿಸಿ, ಬೆರಳು ಎತ್ತಿ ನಾಲ್ಕು ಎಂದು ತೋರಿಸುತ್ತಿದ್ದುದು ಕೆಳಗಿನವರಿಗೆಲ್ಲ ಕಾಣುತ್ತಿತ್ತು. ಗಾಡಿ ಚಕ್ರದ ಸಂಗತಿಯನ್ನೂ ಬಿಡಲಿಲ್ಲ. ಕೈಯನ್ನು ಗಾಳಿಯಲ್ಲಿ ಉರುಟಾಗಿ ಸುತ್ತಿ ತೋರಿಸಿದರು.

ಇನ್ಸ್‌ಪೆಕ್ಟರು ತಲೆದೂಗುತ್ತ ಕೇಳಿದರು. ಕೇಳಿ ಮುಗಿದ ಮೇಲೆ ರಂಗಣ್ಣನವರ ಬೆನ್ನು ತಟ್ಟಿದರು. ಆಮೇಲೆ ಆತುರವಿಲ್ಲದೆ ಮರಳಿಗೆ ಇಳಿದು ಬಂದರು.

“ಭೇಷ್ ಜಮಾದಾರ್. ನಾನು ಬಿಸಿಲಲ್ಲಿ ಇಡಿ ಅಂದೆ, ನೀವು ನೀರಲ್ಲಿ ಇಟ್ಟಿರಿ. ಒಳ್ಳೆಯದೇ ಆಯಿತು. ಹಾಗಾದರೆ ಇದು ನಾಲ್ಕನೆಯ ದೋಣಿ.”

“ಹೌದು ಸಾರ್.”

“ಯಾರದು?”

ಜಮಾದಾರರ ನಾಲಿಗೆಯ ಮೇಲೆ ಎರಡು ಉತ್ತರಗಳಿದ್ದವು. ಖಲಂದರನದು ಎಂದರೆ ಖಲಂದರ್ ಆ ಕಾರು ಹತ್ತಬೇಕು. ನಿಮ್ಮದೇ ಎಂದರೆ ಅದಕ್ಕೆ ಒಬ್ಬ ಅಡುಗೆಯವನ ಮಾತಿನ ಹೊರತು ಬೇರೆ ಆಧಾರವಿಲ್ಲ, ಆ ಅಡುಗೆಯವನು ನಾಳೆಯವರೆಗೆ ಉಳಿಯುವುದೂ ಇಲ್ಲ. ಅವರು ಬಾಯಿ ತೆರೆಯುವಷ್ಟರಲ್ಲಿ ಹೊಂಗೆಮರದ ಕೆಳಗಿನಿಂದ ದನಿ ಬಂತು.

“ನಂದು ಸಾಹೇಬ್ರೆ.”

ಲಾಲ್‌ಸಾಬ್ ಎದ್ದು ನಿಂತಿದ್ದ. ಲುಂಗಿಯ ಮರಳು ಕೊಡವಿಕೊಂಡು ಮುಂದೆ ಬಂದ.

“ನಿನ್ನದಾ?” ಇನ್ಸ್‌ಪೆಕ್ಟರು ಅವನನ್ನು ಮೇಲಿಂದ ಕೆಳಗೆ ನೋಡಿದರು. “ಎಲ್ಲಿಟ್ಟಿದ್ದೆ ಇಷ್ಟು ದಿನ?”

“ನಮ್ಮ ಹಿತ್ತಲಲ್ಲಿ.”

ಚಮನಬಿ ಬಾಯಿ ತೆರೆದಳು. ಅವರ ಹಿತ್ತಲಲ್ಲಿ ಒಂದು ಆಡು ಕಟ್ಟಲು ಜಾಗವಿರಲಿಲ್ಲ, ಅದು ಊರಿಗೆಲ್ಲ ಗೊತ್ತು. ಗಂಡ ಅವಳ ಕಡೆ ಒಮ್ಮೆ ನೋಡಿದ. ಅವಳು ಬಾಯಿ ಮುಚ್ಚಿಕೊಂಡಳು.

ಜಮಾದಾರರು ಇನ್ಸ್‌ಪೆಕ್ಟರ ಮುಖವನ್ನೇ ನೋಡುತ್ತಿದ್ದರು. ಯಾವ ಪೊಲೀಸನಾದರೂ ಈಗ ಕೇಳಬೇಕಾದ ಪ್ರಶ್ನೆಗಳು ಹತ್ತಾರು ಇದ್ದವು. ಹಿತ್ತಲಿಂದ ಹೊಳೆಗೆ ಹೇಗೆ ತಂದೆ, ಯಾರು ಹೊತ್ತರು, ಯಾಕೆ. ಇನ್ಸ್‌ಪೆಕ್ಟರು ಒಂದನ್ನೂ ಕೇಳಲಿಲ್ಲ. ಅವರ ಮುಖದಲ್ಲಿ ಹಗುರಾದ ಭಾವ ಕಂಡಿತು. ಹಿತ್ತಲು ಎಂಬುದು ಸುಳ್ಳೆಂದು ಅವರಿಗೆ ಗೊತ್ತಿತ್ತು. ದೋಣಿ ಎಲ್ಲಿತ್ತು ಎಂಬುದು ಗೊತ್ತಿದ್ದವರಿಗೆ ಮಾತ್ರ ಆ ಸುಳ್ಳು ಅಷ್ಟು ಹಿತವಾಗಿರಲು ಸಾಧ್ಯ. ಖಲಂದರ್ ಹೇಳಿದ್ದು ನಿಜ ಎಂದು ಜಮಾದಾರರಿಗೆ ಆಗ ಖಚಿತವಾಯಿತು.

“ಒಪ್ಪಿಕೊಂಡನಲ್ಲ. ಹತ್ತಿಸಿ,” ಎಂದರು ಇನ್ಸ್‌ಪೆಕ್ಟರು.

“ಸಾರ್, ನಾನೂ ಜೊತೆಗೆ ಬರ್ತೀನಿ. ಹೇಳಿಕೆ ಬರ್ಕೋಬೇಕು.”

“ನಾನೇ ಬರೆದುಕೊಳ್ತೀನಿ. ನೀವು ಇಲ್ಲೇ ಇದ್ದು ಅಂಜಿನಪ್ಪನ ಹೆಣ ಹುಡುಕಿಸಿ.”

“ಪೇದೆ ಒಬ್ಬನನ್ನಾದ್ರೂ...”

“ಜಾಗ ಇಲ್ಲ ಜಮಾದಾರ್.”

ಕಾರಿನ ಹಿಂದಿನ ಸೀಟು ಪೂರ್ತಿ ಖಾಲಿ ಇತ್ತು. ಎಲ್ಲರಿಗೂ ಅದು ಕಾಣುತ್ತಿತ್ತು.

ಜಮಾದಾರರು ತಮ್ಮನ್ನು ತಾವೇ ಶಪಿಸಿಕೊಂಡರು. ಬೆಳಿಗ್ಗೆ ಲಾಲ್‌ಸಾಬ್ ಕೆಟ್ಟ ಬಡಗಿ ಆಗಿದ್ದ. ಆ ಆರೋಪದ ಮೇಲೆ ಹೋಗಿದ್ದರೆ ಲಾಕಪ್ಪಿನಲ್ಲಿ ತಂಗಳು ತಿಂದುಕೊಂಡು ಜೀವಂತ ಇರುತ್ತಿದ್ದ. ಈಗ ಅವನು ನಾಲ್ಕನೆಯ ದೋಣಿಯ ಗುಟ್ಟು ಬಲ್ಲವನು. ತಾವು ಗೆದ್ದ ವಾದ ಅವನ ಕುತ್ತಿಗೆಗೆ ಬಂದಿತ್ತು. ಗಾಡಿ ಚಕ್ರವನ್ನು ಸೊಕ್ಕೆಯಲ್ಲೇ ಬಿಟ್ಟು ಬರಬೇಕಿತ್ತು ಎಂದುಕೊಂಡರು.

ಲಾಲ್‌ಸಾಬ್ ದಂಡೆ ಹತ್ತಿದ. ಹತ್ತುವಾಗ ನೀರಿನಿಂದ ತೆಗೆದ ದೋಣಿಯ ಪಕ್ಕ ಒಂದು ಕ್ಷಣ ನಿಂತು, ಕೂಡಿಕೊಂಡ ಸಂದಿಯ ಮೇಲೆ ಹೆಬ್ಬೆರಳು ಸವರಿದ. ಒಲೆಯ ಹತ್ತಿರ ಖಲಂದರ್ ಹೆಜ್ಜೆ ಮುಂದಿಟ್ಟ. ಅಣ್ಣ ತಲೆ ಅಲ್ಲಾಡಿಸಿದ. ಖಲಂದರ್ ಅಲ್ಲೇ ಕುಸಿದು ಕೂತು ಮುಖ ಮುಚ್ಚಿಕೊಂಡ.

ಚಮನಬಿ ಓಡಿಹೋಗಿ, ಕಾರಿನಲ್ಲಿ ಕೂತ ಗಂಡನ ಮಡಿಲಿಗೆ ಬುತ್ತಿ ಗಂಟನ್ನು ಹಾಕಿದಳು. “ರೊಟ್ಟಿ ಐತೆ, ಚಟ್ನಿ ಐತೆ. ತಿನ್ರಿ, ಹಂಗೇ ಇಟ್ಕೋಬ್ಯಾಡ್ರಿ.”

“ತಿಂತೀನಿ.”

ಇನ್ಸ್‌ಪೆಕ್ಟರು ಮುಂದಿನ ಸೀಟಿನಲ್ಲಿ ಕೂತರು. ಚಾಲಕ ಇದ್ದಿಲ ಡಬ್ಬಿಯ ಗಾಳಿಚಕ್ರವನ್ನು ತಿರುಗಿಸಿ ತಿರುಗಿಸಿ ಬೆವೆತ. ಕಾರು ಕೆಮ್ಮಿ, ನಡುಗಿ, ಹೊರಟಿತು. ರಂಗಣ್ಣ ಕೈ ಮುಗಿದು ಬೀಳ್ಕೊಟ್ಟರು. ತಾವು ಏನು ಮಾಡಿದ್ದೇವೆ ಎಂಬುದು ಅವರಿಗೆ ಇನ್ನೂ ತಿಳಿದಿರಲಿಲ್ಲ.

ಜಮಾದಾರರು ಚಮನಬಿಯ ಪಕ್ಕ ಬಂದು ನಿಂತರು.

“ಠಾಣೆಗೆ ತಾನೇ ಕರ್ಕೊಂಡು ಹೋಗ್ತಿರೋದು ಸಾಹೇಬ್ರೆ?” ಎಂದು ಅವಳು ಕೇಳಿದಳು. “ಸಂಜೆ ಅಲ್ಲಿಗೆ ಹೋದ್ರೆ ನೋಡಾಕೆ ಬಿಡ್ತಾರಾ?”

“ಹೂಂನಮ್ಮಾ, ಠಾಣೆಗೇ,” ಎಂದರು ಜಮಾದಾರರು.

ಕಾರು ಹೊಗೆ ಬಿಡುತ್ತ ಹುಣಸೆಮರಗಳ ಕೂಡುದಾರಿ ಮುಟ್ಟಿತು. ಎಡಕ್ಕೆ ಹೋದರೆ ಊರು. ಬಲಕ್ಕೆ ಹೋದರೆ ಹೊಳೆಯ ಗುಂಟ ಇಳಿಯುವ ಗಾಡಿದಾರಿ. ಆ ಕಡೆ ಊರಿಲ್ಲ, ಮನೆಯಿಲ್ಲ. ಕಾರು ಒಂದು ಗಳಿಗೆ ನಿಧಾನ ಮಾಡಿತು. ಆಮೇಲೆ ತಿರುಗಿತು.

ಚಮನಬಿ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ನೋಡಿ, ಜಮಾದಾರರ ಕಡೆ ತಿರುಗಿದಳು.

“ಸಾಹೇಬ್ರೆ, ಠಾಣೆ ಆ ಕಡೆ ಅಲ್ಲಲ್ರಿ.”